ಅರಗಿನ ತಟ್ಟೆಯಿಂದ ಓಕ್ ಪೆಟ್ಟಿಗೆಯವರೆಗೆ: ಬ್ಲೂಸ್ ಪ್ರಿಯರ ಮುದ್ರಿಕೆಗಳು, ಸ್ಮರಣಿಕೆಗಳು, ಉಡುಗೊರೆಗಳು

ಸಂಗೀತಪ್ರಿಯರಿಗೆ ಕೊಡುವ ಉಡುಗೊರೆಗಳು ಸಾಮಾನ್ಯವಾಗಿ ಹಾಡಿನ ಸುತ್ತ ಹುಟ್ಟಿಕೊಂಡ ವಸ್ತುಗಳು. ಕಲಾವಿದರ ಚಿತ್ರ, ಸಹಿ, ಕಛೇರಿಯ ಭಿತ್ತಿಪತ್ರ, ಧ್ವನಿಮುದ್ರಿಕೆ ಇವುಗಳಲ್ಲಿ ಯಾವುದು ಇಲ್ಲದಿದ್ದರೂ ಆ ಸಂಗೀತದ ಚರಿತ್ರೆಗೆ ಕುಂದಿಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನರ ನಡುವೆ ರೂಪುಗೊಂಡ ಬ್ಲೂಸ್ ಸಂಗೀತದ ವಿಷಯದಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. 1920 ಮತ್ತು 1930ರ ದಶಕಗಳಲ್ಲಿ ಹಾಡಿದ ಎಷ್ಟೋ ಗಾಯಕರ ಬಗ್ಗೆ ಅಂದಿನ ವಿಮರ್ಶಕರು ಬರೆಯಲಿಲ್ಲ, ವಿಶ್ವವಿದ್ಯಾಲಯಗಳು ತಲೆಕೆಡಿಸಿಕೊಳ್ಳಲಿಲ್ಲ, ಮುದ್ರಿಸಿಕೊಂಡ ಕಂಪನಿಗಳೇ ತಮ್ಮ ಕಡತಗಳನ್ನು ಉಳಿಸಿಕೊಳ್ಳಲಿಲ್ಲ. ಹೀಗಾಗಿ ಒಬ್ಬ ಗಾಯಕ ಇದ್ದನೆಂಬುದಕ್ಕೆ ಎರಡೂ ಬದಿ ಸೇರಿ ಆರು ನಿಮಿಷ ನುಡಿಯುವ ಒಂದು ಗ್ರಾಮಫೋನ್ ತಟ್ಟೆಯೇ ಮುಖ್ಯ ಸಾಕ್ಷಿಯಾಗಿ ಉಳಿದಿರುವ ಸಂದರ್ಭಗಳು ಹಲವು. ಬ್ಲೂಸ್ ಪ್ರಿಯರ ಸಂಗ್ರಹದಲ್ಲಿ ಸ್ಮರಣಿಕೆ ಎನಿಸಿಕೊಳ್ಳುವ ವಸ್ತು ಅನೇಕ ವೇಳೆ ಚರಿತ್ರೆಯ ಆಕರವೂ ಆಗಿರುವುದರಿಂದ, ಅದನ್ನು ಯಾರು ಮಾಡಿದರು, ಯಾರು ಉಳಿಸಿದರು, ಇಂದು ಅದರ ಬೆಲೆ ಯಾವುದನ್ನು ಅಳೆಯುತ್ತದೆ ಎಂಬ ವಿಚಾರಣೆ ಉಡುಗೊರೆ ಕೊಳ್ಳುವವರಿಗೂ ಅಗತ್ಯವಾದದ್ದು.

ಹನ್ನೆರಡು ಬಾರ್, ಮೂರು ನಿಮಿಷ

ಬ್ಲೂಸ್ ಹಾಡಿನ ಬಹು ಪ್ರಚಲಿತ ಚೌಕಟ್ಟು ಹನ್ನೆರಡು ಬಾರ್‌ಗಳದ್ದು. ಬಾರ್ ಎಂದರೆ ಸಾಮಾನ್ಯವಾಗಿ ನಾಲ್ಕು ಎಣಿಕೆಗಳ ಒಂದು ಘಟಕ. ಈ ಚೌಕಟ್ಟಿನಲ್ಲಿ ಮೂರು ಸಾಲಿನ ನುಡಿಯೊಂದು ಕೂರುತ್ತದೆ: ಮೊದಲ ಸಾಲನ್ನು ಎರಡನೆಯ ಸಲ ಹಾಡಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುವುದು ರೂಢಿ. ಕರ್ನಾಟಕ ಸಂಗೀತದ ಪರಿಭಾಷೆಯಲ್ಲಿ ಹೇಳುವುದಾದರೆ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ, ಹಾಗೆಯೇ ಕೈಶಿಕಿ ನಿಷಾದಕ್ಕೂ ಕಾಕಲಿ ನಿಷಾದಕ್ಕೂ ನಡುವೆ ಜಾರುವ ಸ್ವರಗಳು ಈ ಸಂಗೀತದ ಗುರುತು. ಇವನ್ನು ಬ್ಲೂ ನೋಟ್‌ಗಳೆಂದು ಕರೆಯುತ್ತಾರೆ. ಸ್ವರಲಿಪಿಯ ಹಾಳೆಗಳಲ್ಲಿ ಈ ಜಾರುವಿಕೆಯನ್ನು ಬರೆದಿಡುವುದು ಕಷ್ಟ. 1912ರಲ್ಲಿ ಡಬ್ಲ್ಯು. ಸಿ. ಹ್ಯಾಂಡಿ ಪ್ರಕಟಿಸಿದ 'ಮೆಂಫಿಸ್ ಬ್ಲೂಸ್' ಮುಂತಾದ ಮುದ್ರಿತ ಹಾಳೆಗಳು ಈ ಹೆಸರನ್ನು ದೇಶಕ್ಕೆಲ್ಲ ಪರಿಚಯಿಸಿದವಾದರೂ, ಗಾಯಕಿ ಗಾಯಕರ ದನಿಯನ್ನು ಹಿಡಿದಿಡಲು ಸಾಧ್ಯವಾದದ್ದು ತಟ್ಟೆಗೆ ಮಾತ್ರ.

ಆ ಕೆಲಸ ಆರಂಭವಾದದ್ದು 1920ರ ಆಗಸ್ಟ್ 10ರಂದು, ನ್ಯೂಯಾರ್ಕ್‌ನಲ್ಲಿ. ಪೆರಿ ಬ್ರ್ಯಾಡ್‌ಫೋರ್ಡ್ ರಚಿಸಿದ 'ಕ್ರೇಜಿ ಬ್ಲೂಸ್' ಹಾಡನ್ನು ಮೇಮಿ ಸ್ಮಿತ್ ಅಂದು ಓಕೆ ಕಂಪನಿಗಾಗಿ ಹಾಡಿದರು. ಕಪ್ಪು ಗಾಯಕಿಯೊಬ್ಬರ ದನಿಯಲ್ಲಿ ಬ್ಲೂಸ್ ಮುದ್ರಣಗೊಂಡದ್ದು ಅದೇ ಮೊದಲು. ಅದರ ಮಾರಾಟ ಕಂಡು ಎಚ್ಚೆತ್ತ ಕಂಪನಿಗಳು ಕಪ್ಪು ಗಿರಾಕಿಗಳನ್ನೇ ಗುರಿಯಾಗಿಟ್ಟುಕೊಂಡ ಪ್ರತ್ಯೇಕ ಸರಣಿಗಳನ್ನು ಹೊರಡಿಸಿದವು. 'ರೇಸ್ ರೆಕಾರ್ಡ್ಸ್' ಎಂದು ವ್ಯಾಪಾರದಲ್ಲಿ ಕರೆಯಲಾದ ಈ ತಟ್ಟೆಗಳಿಗೆ ಬೇರೆಯೇ ಕ್ರಮಸಂಖ್ಯೆ, ಬೇರೆಯೇ ಪಟ್ಟಿ, ಕಪ್ಪು ಜನರ ಪತ್ರಿಕೆಯಾದ 'ಷಿಕಾಗೊ ಡಿಫೆಂಡರ್'ನಂಥ ಕಡೆ ಬೇರೆಯೇ ಜಾಹೀರಾತು ಇರುತ್ತಿದ್ದವು. ಹತ್ತು ಅಂಗುಲದ ತಟ್ಟೆಯೊಂದಕ್ಕೆ 75 ಸೆಂಟ್ ಬೆಲೆ. ಗೇಣಿ ಹೊಲದಲ್ಲಿ ಹತ್ತಿ ಬಿಡಿಸುವ ಕುಟುಂಬಕ್ಕೆ ಅದು ಸಣ್ಣ ಮೊತ್ತವಲ್ಲ. ಆದರೂ ಅವರು ಕೊಂಡರು, ಸವೆಯುವವರೆಗೂ ಕೇಳಿದರು. ಈ ಸಂಗೀತದ ಮೊದಲ ಸಂಗ್ರಾಹಕರೆಂಬ ಗೌರವ ಹೆಸರಿಲ್ಲದ ಆ ಗಿರಾಕಿಗಳಿಗೆ ಸಲ್ಲಬೇಕು.

ಕುರ್ಚಿ ಕಂಪನಿ ಒತ್ತಿದ ತಟ್ಟೆಗಳು

ಇಂದು ಸಂಗ್ರಾಹಕರು ಅತಿ ಹೆಚ್ಚು ಬೆನ್ನುಹತ್ತುವ ತಟ್ಟೆಗಳನ್ನು ತಯಾರಿಸಿದ್ದು ಸಂಗೀತದ ಮನೆತನವೇನಲ್ಲ, ವಿಸ್ಕಾನ್ಸಿನ್ ರಾಜ್ಯದ ಪೋರ್ಟ್ ವಾಷಿಂಗ್ಟನ್‌ನಲ್ಲಿದ್ದ ಪೀಠೋಪಕರಣಗಳ ಕಾರ್ಖಾನೆ. ವಿಸ್ಕಾನ್ಸಿನ್ ಚೇರ್ ಕಂಪನಿ ಮೊದಲು ಗ್ರಾಮಫೋನ್ ಯಂತ್ರಗಳಿಗೆ ಮರದ ಪೆಟ್ಟಿಗೆ ಮಾಡುತ್ತಿತ್ತು, ಬಳಿಕ ತನ್ನದೇ ಯಂತ್ರ ಮಾಡತೊಡಗಿತು, ಯಂತ್ರ ಮಾರಾಟವಾಗಬೇಕಾದರೆ ತಟ್ಟೆಯೂ ಬೇಕೆಂದು 1917ರಲ್ಲಿ ಪ್ಯಾರಾಮೌಂಟ್ ಎಂಬ ಹೆಸರಿನಲ್ಲಿ ತಟ್ಟೆಗಳ ವ್ಯಾಪಾರಕ್ಕಿಳಿಯಿತು. ಹಾಲಿವುಡ್‌ನ ಚಿತ್ರಸಂಸ್ಥೆಗೂ ಇದಕ್ಕೂ ಸಂಬಂಧವಿಲ್ಲ. 1922ರಲ್ಲಿ 12000 ಎಂಬ ಸಂಖ್ಯೆಯಿಂದ ಆರಂಭಿಸಿದ ರೇಸ್ ಸರಣಿಯೇ ಈ ಕಂಪನಿಯನ್ನು ಚರಿತ್ರೆಯಲ್ಲಿ ಉಳಿಸಿತು. ಜೆ. ಮೇಯೊ ವಿಲಿಯಮ್ಸ್ ಎಂಬ ಕಪ್ಪು ವ್ಯವಸ್ಥಾಪಕ ಷಿಕಾಗೊದಲ್ಲಿ ಕುಳಿತು ಕಲಾವಿದರನ್ನು ಆರಿಸುತ್ತಿದ್ದ. ಮಾ ರೇನಿ, ಬ್ಲೈಂಡ್ ಲೆಮನ್ ಜೆಫರ್ಸನ್ ಮೊದಲಾದವರ ದನಿಗಳು ಈ ಕಂಪನಿಯ ಮೂಲಕ ಹಳ್ಳಿಹಳ್ಳಿ ತಲುಪಿದವು. ಚಾರ್ಲಿ ಪ್ಯಾಟನ್ 1929ರಲ್ಲಿ, ಸನ್ ಹೌಸ್ ಮತ್ತು ವಿಲ್ಲಿ ಬ್ರೌನ್ 1930ರಲ್ಲಿ, ಸ್ಕಿಪ್ ಜೇಮ್ಸ್ 1931ರಲ್ಲಿ ಇದೇ ಕಂಪನಿಗೆ ಹಾಡಿದರು. ಕೊನೆಯ ಮೂವರ ಮುದ್ರಣ ನಡೆದದ್ದು ಗ್ರಾಫ್ಟನ್ ಎಂಬ ಸಣ್ಣ ಊರಿನಲ್ಲಿ ಕಂಪನಿ ಹೂಡಿದ್ದ ಸ್ಟುಡಿಯೊದಲ್ಲಿ.

ಅಭಿಮಾನಿಗಳನ್ನು ಸೆಳೆಯುವ ಉಪಾಯಗಳೂ ಆಗಲೇ ಹುಟ್ಟಿದ್ದವು. 1928ರಲ್ಲಿ ಹೊರಬಂದ 12650 ಸಂಖ್ಯೆಯ ತಟ್ಟೆಯನ್ನು ಬ್ಲೈಂಡ್ ಲೆಮನ್ ಜೆಫರ್ಸನ್ ಅವರ ಹುಟ್ಟುಹಬ್ಬದ ತಟ್ಟೆಯೆಂದು ಸಾರಲಾಯಿತು. ಗಾಯಕನ ಹೆಸರಿನಲ್ಲೇ ನಿಂಬೆಹಣ್ಣು ಇದ್ದುದರಿಂದ ನಡುವಿನ ಚೀಟಿಯನ್ನು ನಿಂಬೆಯ ಹಳದಿ ಬಣ್ಣದಲ್ಲಿ ಅಚ್ಚು ಮಾಡಿ, ಅದರಲ್ಲಿ ಅವರ ಭಾವಚಿತ್ರವನ್ನೂ ಕೂರಿಸಲಾಗಿತ್ತು. ಮರುವರ್ಷ ಚಾರ್ಲಿ ಪ್ಯಾಟನ್ ಅವರ ತಟ್ಟೆಯೊಂದನ್ನು 'ಮುಖವಾಡದ ಅದ್ಭುತ ಪುರುಷ' ಎಂಬ ಅರ್ಥದ ಹುಸಿ ಹೆಸರಿನಲ್ಲಿ ಬಿಡುಗಡೆ ಮಾಡಿ, ಹಾಡುಗಾರ ಯಾರೆಂದು ಸರಿಯಾಗಿ ಊಹಿಸಿದವರಿಗೆ ಇನ್ನೊಂದು ತಟ್ಟೆಯನ್ನು ಉಚಿತವಾಗಿ ಕೊಡುವುದಾಗಿ ಜಾಹೀರಾತು ನೀಡಲಾಯಿತು. ಇಂದು ಗಾಜಿನ ಚೌಕಟ್ಟಿನೊಳಗೆ ಸೇರುವ ಈ ವಸ್ತುಗಳನ್ನು ಅಂದು ಮಾಡಿದ್ದು ಸರಕು ಖಾಲಿಯಾಗಲೆಂಬ ಒಂದೇ ಉದ್ದೇಶದಿಂದ.

ಆರ್ಥಿಕ ಮಹಾಕುಸಿತ ಈ ವ್ಯಾಪಾರವನ್ನು ನುಂಗಿತು. 1930ರ ನಂತರ ಕೊಳ್ಳುವವರೇ ಇಲ್ಲದೆ ಹೊಸ ತಟ್ಟೆಗಳನ್ನು ಅತಿ ಕಡಿಮೆ ಸಂಖ್ಯೆಯಲ್ಲಿ ಒತ್ತಲಾಯಿತು, 1932ರ ಹೊತ್ತಿಗೆ ಮುದ್ರಣ ನಿಂತಿತು, 1935ರಲ್ಲಿ ಪ್ಯಾರಾಮೌಂಟ್ ಬಾಗಿಲು ಹಾಕಿತು. ತಟ್ಟೆ ಒತ್ತಲು ಬೇಕಾಗುವ ಲೋಹದ ಮೂಲ ಅಚ್ಚುಗಳು ಗುಜರಿಗೆ ಹೋದವು. ಕೆಲಸ ಕಳೆದುಕೊಂಡ ನೌಕರರು ಉಳಿದ ತಟ್ಟೆಗಳನ್ನು ಪಕ್ಕದ ಮಿಲ್ವಾಕಿ ನದಿಗೆ ಎಸೆದರೆಂಬ ಮಾತೂ ಆ ಊರಿನಲ್ಲಿ ಪ್ರಚಲಿತವಿದೆ. ಮೂಲ ಅಚ್ಚು ಇಲ್ಲವಾದ್ದರಿಂದ ಈ ಕಂಪನಿಯ ಹಾಡುಗಳನ್ನು ಮತ್ತೆ ಪ್ರಕಟಿಸಬೇಕಾದರೆ ಯಾರದೋ ಮನೆಯಲ್ಲಿ ಉಳಿದ, ಬಳಸಿ ಸವೆದ ತಟ್ಟೆಯಿಂದಲೇ ದನಿಯನ್ನು ಎತ್ತಬೇಕು. ಇಂದಿನ ಸಿ.ಡಿ.ಗಳಲ್ಲೂ ಕೇಳಿಬರುವ ಕರಕರ ಸದ್ದಿಗೆ ಇದೇ ಕಾರಣ.

ಅರಗಿನ ಋಣ

78 ಸುತ್ತಿನ ತಟ್ಟೆ, ಅಂದರೆ ನಿಮಿಷಕ್ಕೆ ಸುಮಾರು 78 ಸಲ ತಿರುಗುವ ತಟ್ಟೆ, ಪ್ಲಾಸ್ಟಿಕ್ಕಿನದಲ್ಲ. ನುಣ್ಣಗೆ ಅರೆದ ಕಲ್ಲಿನ ಪುಡಿ, ಹತ್ತಿಯ ನಾರು, ಬಣ್ಣಕ್ಕಾಗಿ ಮಸಿ ಇವನ್ನೆಲ್ಲ ಅರಗಿನಿಂದ ಬಂಧಿಸಿ, ಕಾಯಿಸಿ, ಅಚ್ಚಿನಲ್ಲಿ ಒತ್ತಿ ಅದನ್ನು ತಯಾರಿಸುತ್ತಿದ್ದರು. ಮುತ್ತುಗ, ಬೋರೆ ಮೊದಲಾದ ಮರಗಳ ಕೊಂಬೆಗಳ ಮೇಲೆ ನೆಲೆಸುವ ಸಣ್ಣ ಕೀಟಗಳು ಸ್ರವಿಸುವ ಈ ಅಂಟಿನ ಬಹುಪಾಲು ಹೊರದೇಶಗಳಿಗೆ ಹೋಗುತ್ತಿದ್ದುದು ಭಾರತದಿಂದ, ಮುಖ್ಯವಾಗಿ ಇಂದಿನ ಜಾರ್ಖಂಡ್ ಮತ್ತು ಸುತ್ತಲಿನ ಅರಣ್ಯಪ್ರದೇಶದಿಂದ. ಚನ್ನಪಟ್ಟಣದ ಕುಶಲಕರ್ಮಿಗಳು ಆಲೆ ಮರದ ಬೊಂಬೆಯನ್ನು ಚರಕಿಯಲ್ಲಿ ತಿರುಗಿಸುತ್ತ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ಉಜ್ಜಾಟದ ಶಾಖಕ್ಕೆ ಕರಗಿ ಹರಡಿಕೊಳ್ಳುವುದೂ ಇದೇ ಪದಾರ್ಥ. ಕನ್ನಡದ ರಂಗಗೀತೆಗಳು ಮನೆಮನೆಯ ಗ್ರಾಮಫೋನಿಗೆ ಬಂದದ್ದೂ ಇಂಥ ಅರಗಿನ ತಟ್ಟೆಗಳಲ್ಲೇ. ಮಿಸಿಸಿಪ್ಪಿಯ ಹತ್ತಿ ಹೊಲದ ಹಾಡಿಗೂ ಛೋಟಾನಾಗಪುರದ ಕಾಡಿನಲ್ಲಿ ಅರಗು ಬಿಡಿಸಿದ ಕೂಲಿಗೂ ಹೀಗೊಂದು ನೇರ ಸಂಬಂಧವಿತ್ತು. ಇಬ್ಬರಿಗೂ ಅದರ ಅರಿವಿರಲಿಲ್ಲ, ಇಬ್ಬರ ಕೈಗೂ ಲಾಭದ ದೊಡ್ಡ ಪಾಲು ಬರಲಿಲ್ಲ.

ಈ ಅವಲಂಬನೆಯೇ ಹಳೆಯ ತಟ್ಟೆಗಳಿಗೆ ಕಂಟಕವೂ ಆಯಿತು. ಎರಡನೆಯ ಮಹಾಯುದ್ಧದಲ್ಲಿ ಏಷ್ಯಾದ ಹಡಗು ಮಾರ್ಗಗಳು ಅಪಾಯಕ್ಕೊಳಗಾದಾಗ, 1942ರ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರ ತಟ್ಟೆ ತಯಾರಿಕೆಗೆ ಬಳಸುವ ಅರಗನ್ನು ಶೇ 70ರಷ್ಟು ಕಡಿತಗೊಳಿಸಿತು. ಹಳೆಯ ತಟ್ಟೆಗಳನ್ನು ಜನರಿಂದ ಹಿಂಪಡೆದು, ಪುಡಿಮಾಡಿ, ಹೊಸ ತಟ್ಟೆ ಒತ್ತುವ ಪದ್ಧತಿ ಬಂತು. ಆ ಗಿರಣಿಗೆ ಬಿದ್ದ ರಾಶಿಗಳಲ್ಲಿ ಏನೇನು ಇತ್ತೆಂದು ಪಟ್ಟಿ ಮಾಡಿದವರಿಲ್ಲ.

ಅರಗಿನ ಗುಣ ತಿಳಿದಿದ್ದರೆ ತಟ್ಟೆಯನ್ನು ಇಟ್ಟುಕೊಳ್ಳುವ ವಿಧಾನವೂ ತಿಳಿಯುತ್ತದೆ. ಸ್ಪಿರಿಟ್ಟಿನಲ್ಲಿ ಅರಗು ಕರಗುವುದರಿಂದ, ವಿನೈಲ್ ತಟ್ಟೆ ಒರೆಸುವ ಮದ್ಯಸಾರದ ದ್ರಾವಣಗಳನ್ನು ಇದರ ಮೇಲೆ ಬಳಸುವಂತಿಲ್ಲ. ತಟ್ಟೆಗಳನ್ನು ಒಂದರ ಮೇಲೊಂದು ಹೇರದೆ ನೆಟ್ಟಗೆ ನಿಲ್ಲಿಸಿಡಬೇಕು. ಕೈತಪ್ಪಿ ಬಿದ್ದರೆ ಒಡೆದೇ ಹೋಗುತ್ತದೆ. 78ರ ಗೀರು ಎಲ್‌ಪಿಯ ಗೀರಿಗಿಂತ ಅಗಲವಾದದ್ದರಿಂದ ಅದನ್ನು ನುಡಿಸಲು ಸುಮಾರು 75 ಮೈಕ್ರಾನ್ ತುದಿಯ ಮುಳ್ಳು ಬೇಕು. ಎಲ್‌ಪಿಯ ಮುಳ್ಳಿನ ತುದಿ 25 ಮೈಕ್ರಾನ್ ಅಥವಾ ಅದಕ್ಕಿಂತ ಚೂಪು. ಹಳೆಯ ಯಂತ್ರಗಳ ಭಾರವಾದ ಉಕ್ಕಿನ ಮುಳ್ಳು ಗೀರಿನ ಗೋಡೆಯನ್ನು ಕೆರೆದು ಬೂದುಬಣ್ಣಕ್ಕೆ ತಿರುಗಿಸಿರುತ್ತದೆಯಾದ್ದರಿಂದ, ಕೊಳ್ಳುವವರು ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಮೊದಲು ನೋಡುವುದು ಆ ಬೂದುಬಣ್ಣವನ್ನೇ.

ಉಳಿಸಿದವರ ಅಭಿರುಚಿ

ಗಿರಾಕಿಗಳ ಮನೆಗಳಿಂದ ಈ ತಟ್ಟೆಗಳು ಸಂಗ್ರಾಹಕರ ಕಪಾಟುಗಳಿಗೆ ಸಾಗಿದ್ದು 1940ರ ದಶಕದಿಂದ 1960ರ ದಶಕದವರೆಗಿನ ಅವಧಿಯಲ್ಲಿ. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಬಾಡಿಗೆ ಕೋಣೆಯೊಂದರಲ್ಲಿ ವಾಸಿಸುತ್ತಿದ್ದ ಜೇಮ್ಸ್ ಮೆಕ್ಯೂನ್, ಚಾರ್ಲಿ ಪ್ಯಾಟನ್ ಅವರ ತಟ್ಟೆಯೊಂದನ್ನು 1944ರಲ್ಲಿ ಕೇಳಿದ ಮೇಲೆ ಅಂದಿನ ಜಾಸ್ ಸಂಗ್ರಾಹಕರು ಕಡೆಗಣಿಸಿದ್ದ ಹಳ್ಳಿಯ ಬ್ಲೂಸ್ ಕಡೆಗೆ ತಿರುಗಿದರು. ಅವರ ಸುತ್ತ ಬೆಳೆದ ಚಿಕ್ಕ ಗುಂಪೇ ಮುಂದಿನ ಪೀಳಿಗೆಯ ರುಚಿಯನ್ನು ರೂಪಿಸಿತು. ಗೇಲ್ ಡೀನ್ ವಾರ್ಡ್‌ಲೊ ಮಿಸಿಸಿಪ್ಪಿಯಲ್ಲಿ ಕೀಟನಾಶಕ ಸಿಂಪಡಿಸುವ ಕೆಲಸದ ನೆಪದಲ್ಲಿ ಮನೆಮನೆಯ ಬಾಗಿಲು ತಟ್ಟಿ ಹಳೆಯ ತಟ್ಟೆಗಳನ್ನು ವಿಚಾರಿಸಿದರು, ಕೊನೆಗೆ 1968ರಲ್ಲಿ ರಾಬರ್ಟ್ ಜಾನ್ಸನ್ ಅವರ ಮರಣ ಪ್ರಮಾಣಪತ್ರವನ್ನೇ ಹುಡುಕಿ ತೆಗೆದರು. ಮೇರಿಲ್ಯಾಂಡ್‌ನ ಜೋ ಬಸ್ಸರ್ಡ್ ಬೆಟ್ಟಗಾಡಿನ ಊರುಗಳಲ್ಲಿ ಕಾರು ಓಡಿಸುತ್ತ ಸಾವಿರಾರು ತಟ್ಟೆಗಳನ್ನು ಕಲೆಹಾಕಿದರು.

ಸಂಗ್ರಹದಿಂದ ಸಂಗೀತಕ್ಕೆ ನೇರ ಪ್ರಯೋಜನವಾದ ಅತ್ಯುತ್ತಮ ಉದಾಹರಣೆ ಮಿಸಿಸಿಪ್ಪಿ ಜಾನ್ ಹರ್ಟ್ ಅವರದು. 1928ರಲ್ಲಿ ಓಕೆ ಕಂಪನಿಗೆ ಕೆಲವು ಹಾಡು ಹಾಡಿ ಊರಿಗೆ ಮರಳಿದ್ದ ಈ ರೈತನ ಎರಡು ಹಾಡುಗಳನ್ನು ಹ್ಯಾರಿ ಸ್ಮಿತ್ ಎಂಬ ಸಂಗ್ರಾಹಕ 1952ರಲ್ಲಿ ಫೋಕ್‌ವೇಸ್ ಸಂಸ್ಥೆಯ ಮೂಲಕ ಹೊರತಂದ, 84 ಹಾಡುಗಳ ಅಮೆರಿಕನ್ ಜನಪದ ಸಂಗೀತ ಸಂಕಲನದಲ್ಲಿ ಸೇರಿಸಿದರು. ಅದನ್ನು ಕೇಳಿದ ಯುವಕರು ಹಾಡುಗಾರ ಎಲ್ಲಿಯವನೆಂದು ತಿಳಿಯದೆ ಒದ್ದಾಡುತ್ತಿದ್ದಾಗ, ಹರ್ಟ್ ಅವರದೇ 'ಆವಲಾನ್ ಬ್ಲೂಸ್' ಎಂಬ ಇನ್ನೊಂದು ಹಾಡಿನಲ್ಲಿ ಅವರು ತಮ್ಮ ಊರನ್ನು ಹೆಸರಿಸಿರುವುದು ಗಮನಕ್ಕೆ ಬಂತು. ಭೂಪಟದಲ್ಲಿ ಆ ಸಣ್ಣ ಊರನ್ನು ಗುರುತಿಸಿ ಆ ಯುವಕರಲ್ಲೊಬ್ಬರಾದ ಟಾಮ್ ಹಾಸ್ಕಿನ್ಸ್ 1963ರಲ್ಲಿ ಅಲ್ಲಿಗೆ ಹೋದಾಗ, ಎಪ್ಪತ್ತರ ಹೊಸ್ತಿಲಲ್ಲಿದ್ದ ಹರ್ಟ್ ಅಲ್ಲೇ ಇದ್ದರು. ಅದೇ ವರ್ಷ ಅವರು ನ್ಯೂಪೋರ್ಟ್ ಜನಪದ ಉತ್ಸವದಲ್ಲಿ ಹಾಡಿದರು. ಮರುವರ್ಷ ಸ್ಕಿಪ್ ಜೇಮ್ಸ್ ಮತ್ತು ಸನ್ ಹೌಸ್ ಅವರನ್ನೂ ಇದೇ ಬಗೆಯ ಅಭಿಮಾನಿಗಳು ಪತ್ತೆಹಚ್ಚಿದರು.

ಆದರೆ ಉಳಿಸಿದವರ ಅಭಿರುಚಿಯೇ ಚರಿತ್ರೆಯ ಅಳತೆಗೋಲಾಗಿಬಿಡುವ ಅಪಾಯವೂ ಇಲ್ಲಿದೆ. ಅಪರೂಪದ ತಟ್ಟೆ ಅಪರೂಪವಾಗಿರುವುದು ಅನೇಕ ವೇಳೆ ಅದು ಅಂದು ಮಾರಾಟವಾಗದ ಕಾರಣಕ್ಕೆ. ಪ್ಯಾರಾಮೌಂಟ್‌ನ 12950 ಸಂಖ್ಯೆಯ ಟಾಮಿ ಜಾನ್ಸನ್ ತಟ್ಟೆ 2013ರಲ್ಲಿ ಅಂತರ್ಜಾಲದ ಹರಾಜಿನಲ್ಲಿ 37,100 ಡಾಲರಿಗೆ ಹೋಯಿತು. ಆಗ ತಿಳಿದಿದ್ದ ಪ್ರತಿಗಳು ಎರಡೇ. ಸನ್ ಹೌಸ್ ಅವರ 'ಕ್ಲಾರ್ಕ್ಸ್‌ಡೇಲ್ ಮೋನ್' ಇದ್ದ ತಟ್ಟೆ ಮುಕ್ಕಾಲು ಶತಮಾನ ಯಾರ ಕಣ್ಣಿಗೂ ಬೀಳದೆ, 2005ರ ಸುಮಾರಿಗೆ ಒಂದೇ ಒಂದು ಪ್ರತಿಯಾಗಿ ಪತ್ತೆಯಾಗಿ, ಮರುವರ್ಷ ಯಾಜೂ ಸಂಸ್ಥೆಯ ಸಿ.ಡಿ.ಯಲ್ಲಿ ಎಲ್ಲರಿಗೂ ದೊರಕಿತು. ವಿಲ್ಲಿ ಬ್ರೌನ್ ಅವರ 13099 ಸಂಖ್ಯೆಯ ತಟ್ಟೆಗೆ ಸಂಗ್ರಾಹಕ ಜಾನ್ ಟೆಫ್ಟೆಲರ್ 25,000 ಡಾಲರ್ ಬಹುಮಾನವನ್ನೇ ಘೋಷಿಸಿದ್ದರು. ಇತ್ತ, 1923ರಲ್ಲಿ 'ಡೌನ್‌ಹಾರ್ಟೆಡ್ ಬ್ಲೂಸ್' ಮೂಲಕ ಮನೆಮಾತಾದ ಬೆಸ್ಸಿ ಸ್ಮಿತ್, 1928ರಲ್ಲಿ 'ಹೌ ಲಾಂಗ್, ಹೌ ಲಾಂಗ್ ಬ್ಲೂಸ್' ಹಾಡಿದ ಲಿರಾಯ್ ಕಾರ್, ಗಿಟಾರ್ ವಾದನದಲ್ಲಿ ಹೊಸ ದಾರಿ ತೋರಿದ ಲಾನಿ ಜಾನ್ಸನ್ ಇವರ ತಟ್ಟೆಗಳು ಅಂದು ಬಹಳ ಮಾರಾಟವಾದ ಕಾರಣ ಇಂದು ಎಷ್ಟೋ ಅಗ್ಗವಾಗಿ ಸಿಗುತ್ತವೆ. ಕಪ್ಪು ಕುಟುಂಬಗಳು ನಿಜವಾಗಿ ಕೇಳಿ ಮೆಚ್ಚಿದ ಸಂಗೀತ ಕಡಿಮೆ ಬೆಲೆಯದಾಗಿ, ಅವರು ಕೊಳ್ಳದೆ ಬಿಟ್ಟದ್ದು ಬಂಗಾರದ ಬೆಲೆಯದಾಗಿರುವ ಈ ವಿಪರ್ಯಾಸ ಹೇಳುವುದಿಷ್ಟು: ಮಾರುಕಟ್ಟೆ ಅಳೆಯುವುದು ಅಲಭ್ಯತೆಯನ್ನು, ಸಂಗೀತದ ತೂಕವನ್ನಲ್ಲ. ಉಡುಗೊರೆ ಕೊಳ್ಳುವವರಿಗೆ ಇದು ಅನುಕೂಲದ ಸಂಗತಿಯೇ. ಬೆಸ್ಸಿ ಸ್ಮಿತ್ ಅವರ ಕೊಲಂಬಿಯಾ ತಟ್ಟೆಯೊಂದು ಇಂದಿಗೂ ಸಾಮಾನ್ಯ ಅಭಿಮಾನಿಯ ಕೈಗೆಟಕುವ ವಸ್ತು.

ಚಿತ್ರ, ಸಹಿ, ಗಿಟಾರು

ತಟ್ಟೆಗಳಾಚೆಗಿನ ಸ್ಮರಣಿಕೆಗಳಲ್ಲಿ ಅತಿ ಹೆಚ್ಚು ವ್ಯಾಜ್ಯ, ಅತಿ ಹೆಚ್ಚು ಅನುಕರಣೆ ನಡೆದಿರುವುದು ರಾಬರ್ಟ್ ಜಾನ್ಸನ್ ಹೆಸರಿನಲ್ಲಿ. 1936ರ ನವೆಂಬರ್‌ನಲ್ಲಿ ಸ್ಯಾನ್ ಆಂಟೋನಿಯೊದಲ್ಲಿ, 1937ರ ಜೂನ್‌ನಲ್ಲಿ ಡಲ್ಲಾಸ್‌ನಲ್ಲಿ ಒಟ್ಟು 29 ಹಾಡುಗಳನ್ನು ಮುದ್ರಿಸಿದ ಜಾನ್ಸನ್, 1938ರ ಆಗಸ್ಟ್ 16ರಂದು 27ರ ಹರೆಯದಲ್ಲಿ ತೀರಿಕೊಂಡರು. ಅದೇ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಅವರನ್ನು ಹಾಡಿಸಬೇಕೆಂದಿದ್ದ ಕಛೇರಿಯ ಆಯೋಜಕ ಜಾನ್ ಹ್ಯಾಮಂಡ್, ಸಾವಿನ ಸುದ್ದಿ ತಿಳಿದ ಮೇಲೆ ವೇದಿಕೆಯ ಮೇಲೆ ಅವರ ಎರಡು ತಟ್ಟೆಗಳನ್ನೇ ನುಡಿಸಿದರು. 1961ರಲ್ಲಿ ಕೊಲಂಬಿಯಾ ಅವರ ಹಾಡುಗಳ ಮೊದಲ ಎಲ್‌ಪಿಯನ್ನು ಹೊರತಂದಾಗ ಹೊದಿಕೆಗೆ ಹಾಕಲು ಭಾವಚಿತ್ರವೇ ಸಿಗದೆ, ಮೇಲಿನಿಂದ ನೋಡಿದಂತೆ ಬರೆಸಿದ ಮುಖ ಕಾಣದ ವರ್ಣಚಿತ್ರ ಬಳಸಬೇಕಾಯಿತು. ಎರಡು ಭಾವಚಿತ್ರಗಳು 1980ರ ದಶಕದಲ್ಲಿ ಬೆಳಕಿಗೆ ಬಂದವು. ಮೂರನೆಯದು 2020ರಲ್ಲಿ, ಅವರ ಮಲತಂಗಿ ಆನಿ ಆಂಡರ್ಸನ್ ಅವರ ಪುಸ್ತಕದ ಹೊದಿಕೆಯಾಗಿ. ಅಮೆರಿಕದ ಅಂಚೆ ಇಲಾಖೆ 1994ರಲ್ಲಿ ತಂದ 29 ಸೆಂಟಿನ ಅಂಚೆಚೀಟಿಯಲ್ಲಿ, ಮೂಲ ಚಿತ್ರದಲ್ಲಿ ಜಾನ್ಸನ್ ತುಟಿಗಳ ನಡುವೆ ಇದ್ದ ಸಿಗರೇಟನ್ನು ಅಳಿಸಲಾಗಿತ್ತು. ಜಾನ್ಸನ್ ಅವರದೆಂದು ಹೇಳಿ ಮಾರುವ ನಾಲ್ಕನೆಯ ಚಿತ್ರವನ್ನಾಗಲಿ, ಸಹಿಯನ್ನಾಗಲಿ ಕೊಳ್ಳಹೊರಡುವವರು ಈ ಚರಿತ್ರೆಯನ್ನು ಒಮ್ಮೆ ನೆನೆಯುವುದು ಕ್ಷೇಮ.

ವಿದ್ಯುತ್ ಗಿಟಾರಿನ ಬ್ಲೂಸ್‌ಗೆ ಬಂದಾಗ ಸ್ಮರಣಿಕೆಗಳ ಸ್ವರೂಪ ಬದಲಾಗುತ್ತದೆ. ಮುಂದೆ ಈ ಬಗೆಯ ಸಂಗೀತಕ್ಕೆ ಹೆಸರಾದ ಮಡ್ಡಿ ವಾಟರ್ಸ್ 1941ರಲ್ಲಿ ಸ್ಟೋವಾಲ್ ತೋಟದ ಕೂಲಿಯಾಗಿದ್ದಾಗ, ಲೈಬ್ರರಿ ಆಫ್ ಕಾಂಗ್ರೆಸ್ ಪರವಾಗಿ ಬಂದ ಆಲನ್ ಲೊಮ್ಯಾಕ್ಸ್ ಮತ್ತು ಜಾನ್ ವರ್ಕ್ ಈ ಗಾಯಕನ ಹಾಡುಗಳನ್ನು ಮೊದಲ ಬಾರಿಗೆ ಮುದ್ರಿಸಿಕೊಂಡರು. ವಾಟರ್ಸ್ ವಾಸವಿದ್ದ ಗುಡಿಸಲಿನ ಮರದ ತೊಲೆಯೊಂದರಿಂದ ಜ಼ೀಜ಼ೀ ಟಾಪ್ ತಂಡದ ಬಿಲ್ಲಿ ಗಿಬ್ಬನ್ಸ್ ಮುಂದೆ ಗಿಟಾರೊಂದನ್ನೇ ಮಾಡಿಸಿದರು. ಗುಡಿಸಲಿನ ಉಳಿದ ಭಾಗ ಈಗ ಕ್ಲಾರ್ಕ್ಸ್‌ಡೇಲ್‌ನ ಡೆಲ್ಟಾ ಬ್ಲೂಸ್ ಮ್ಯೂಸಿಯಂನಲ್ಲಿದೆ. 1949ರಲ್ಲಿ ಅರ್ಕನ್ಸಾದ ಟ್ವಿಸ್ಟ್ ಎಂಬಲ್ಲಿ ಕುಣಿತದ ಮನೆಗೆ ಬೆಂಕಿ ಬಿದ್ದಾಗ ಒಳಗೆ ನುಗ್ಗಿ ಗಿಟಾರನ್ನು ತಂದ ಬಿ. ಬಿ. ಕಿಂಗ್, ಆ ಬೆಂಕಿಗೆ ಕಾರಣವಾದ ಜಗಳ ಯಾವ ಹೆಂಗಸಿನ ಸಲುವಾಗಿ ನಡೆದಿತ್ತೋ ಅವಳ ಹೆಸರನ್ನೇ ತಮ್ಮ ಗಿಟಾರಿಗೆ ಇಟ್ಟರು. ಆ ಹೆಸರಿನ 'ಲುಸಿಲ್'ಗಳು ಮುಂದೆ ಹಲವಾದವು. 80ನೆಯ ಹುಟ್ಟುಹಬ್ಬಕ್ಕೆ ಗಿಬ್ಸನ್ ಕಂಪನಿ ಕೊಟ್ಟ ಒಂದು ಲುಸಿಲ್ 2019ರ ಹರಾಜಿನಲ್ಲಿ 2,80,000 ಡಾಲರಿಗೆ ಮಾರಾಟವಾಯಿತು. ಅದೇ ಕಿಂಗ್ ತಮ್ಮ ಸಾವಿರಾರು ತಟ್ಟೆಗಳ ಸಂಗ್ರಹವನ್ನು ಮಾರದೆ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಬ್ಲೂಸ್ ಸಂಗ್ರಹಾಲಯಕ್ಕೆ ದಾನವಾಗಿ ಕೊಟ್ಟರು. ಗಿಟಾರಿನ ಹರಾಜಿಗಿಂತ ಈ ದಾನ ಸಂಗೀತಕ್ಕೆ ಹೆಚ್ಚು ಉಪಕಾರ ಮಾಡಿದೆ.

ಏನನ್ನು ಕೊಡುವುದು

ಬ್ಲೂಸ್‌ಗೆ ಹೊಸಬರಾದವರಿಗೆ ಮೂಲ ತಟ್ಟೆಗಿಂತ ಮರುಪ್ರಕಟಣೆಯೇ ಮೇಲು. ಆದರೆ ಮರುಪ್ರಕಟಣೆಗಳೆಲ್ಲ ಒಂದೇ ದರ್ಜೆಯವಲ್ಲ. ಹಾಡಿನ ಹೆಸರು ಬಿಟ್ಟು ಬೇರೇನನ್ನೂ ಹೇಳದ ಅಗ್ಗದ ಸಂಕಲನಗಳಿಗೂ, ಮುದ್ರಣದ ದಿನ, ಊರು, ಜತೆಗಾರರು, ತಟ್ಟೆಯ ಸಂಖ್ಯೆ ಇವನ್ನು ಟಿಪ್ಪಣಿಯೊಡನೆ ಕೊಡುವ ಪ್ರಕಟಣೆಗಳಿಗೂ ಅಜಗಜಾಂತರವಿದೆ. ರಾಬರ್ಟ್ ಜಾನ್ಸನ್ ಅವರ ಸಮಗ್ರ ಮುದ್ರಣಗಳು 1990ರಲ್ಲಿ ಪುಸ್ತಿಕೆಯೊಡನೆ ಪೆಟ್ಟಿಗೆಯಾಗಿ ಬಂದು ಗ್ರ್ಯಾಮಿ ಪ್ರಶಸ್ತಿ ಪಡೆದವು. ಗಿಟಾರ್ ವಾದಕ ಜಾನ್ ಫೇಹಿ ಸಹಸ್ಥಾಪಕರಾಗಿದ್ದ ರೆವೆನಂಟ್ ಸಂಸ್ಥೆ 2001ರಲ್ಲಿ ಹೊರತಂದ ಚಾರ್ಲಿ ಪ್ಯಾಟನ್ ಸಂಪುಟ ಈ ಕ್ಷೇತ್ರದ ಮಾದರಿ ಕೆಲಸ: ಏಳು ಸಿ.ಡಿ.ಗಳನ್ನು ಹಳೆಯ 78 ತಟ್ಟೆಗಳ ದಪ್ಪ ಆಲ್ಬಂನ ಆಕಾರದಲ್ಲೇ ಜೋಡಿಸಿ, ಫೇಹಿ ಪ್ಯಾಟನ್ ಬಗ್ಗೆ ಬರೆದಿದ್ದ ಪುಸ್ತಕವನ್ನೂ ಹಳೆಯ ಜಾಹೀರಾತುಗಳ ಪ್ರತಿಗಳನ್ನೂ ಅದರಲ್ಲಿ ಸೇರಿಸಲಾಗಿದೆ. 2013ರಲ್ಲಿ ಥರ್ಡ್ ಮ್ಯಾನ್ ಮತ್ತು ರೆವೆನಂಟ್ ಸಂಸ್ಥೆಗಳು ಸೇರಿ ಪ್ಯಾರಾಮೌಂಟ್‌ನ 800 ಹಾಡುಗಳನ್ನು ಓಕ್ ಮರದ ಪೆಟ್ಟಿಗೆಯಲ್ಲಿ ಎಲ್‌ಪಿ, ಪುಸ್ತಕ, ಯುಎಸ್‌ಬಿ ಸಹಿತ ಹೊರತಂದವು. ಮರದ ಪೆಟ್ಟಿಗೆ ಮಾರಲೆಂದೇ ಹುಟ್ಟಿದ ತಟ್ಟೆಗಳು ಕೊನೆಗೆ ಮರದ ಪೆಟ್ಟಿಗೆಯನ್ನೇ ಸೇರಿದವು. ಅಷ್ಟು ಖರ್ಚು ಮಾಡಲಾಗದವರಿಗೆ, ಒಬ್ಬ ಕಲಾವಿದರ ಸಿಕ್ಕ ಹಾಡುಗಳನ್ನೆಲ್ಲ ಕಾಲಾನುಕ್ರಮದಲ್ಲಿ ಜೋಡಿಸಿದ ಡಾಕ್ಯುಮೆಂಟ್ ಸಂಸ್ಥೆಯ ಬಿಡಿ ಸಿ.ಡಿ.ಗಳು ಒಳ್ಳೆಯ ಆಯ್ಕೆ.

ಮೂಲ ತಟ್ಟೆಯನ್ನೇ ಕೊಡಬೇಕೆನ್ನುವವರು, ಪಡೆಯುವವರ ಬಳಿ 78ಕ್ಕೆ ತಕ್ಕ ಯಂತ್ರವೂ ಮುಳ್ಳೂ ಇವೆಯೇ ಎಂದು ಮೊದಲು ವಿಚಾರಿಸಬೇಕು. ಮಾರುವವರು ತಟ್ಟೆಯ ಸ್ಥಿತಿಯನ್ನು ಅಕ್ಷರಗಳಲ್ಲಿ ಸೂಚಿಸುತ್ತಾರೆ: ಎನ್ ಎಂದರೆ ಹೊಸದರಂತಿರುವುದು, ಇ ಎಂದರೆ ಉತ್ತಮ, ವಿ ಎಂದರೆ ಸವೆದಿದ್ದರೂ ಚೆನ್ನಾಗಿ ಕೇಳಿಸುವುದು, ಜಿ ಎಂದರೆ ಅದಕ್ಕಿಂತ ಕೆಳಗಿನದು. ಇವುಗಳ ಮುಂದೆ ಕೂಡು, ಕಳೆ ಚಿಹ್ನೆಗಳಿರುತ್ತವೆ. ಸ್ಥಿತಿಯನ್ನು ಬರವಣಿಗೆಯಲ್ಲಿ ಹೇಳದವರಿಂದ ದುಬಾರಿ ತಟ್ಟೆ ಕೊಳ್ಳದಿರುವುದೇ ಜಾಣತನ.

ಚಿತ್ರಗಳನ್ನು ಇಷ್ಟಪಡುವವರಿಗೆ, ವ್ಯಂಗ್ಯಚಿತ್ರಕಾರ ರಾಬರ್ಟ್ ಕ್ರಂಬ್ 1980ರಲ್ಲಿ ಯಾಜೂ ಸಂಸ್ಥೆಗಾಗಿ ಬರೆದ, ಬ್ಲೂಸ್ ಕಲಾವಿದರ 36 ಕಾರ್ಡುಗಳ ಕಟ್ಟು ಹಿಂಬದಿಯ ಪರಿಚಯ ಬರಹದಿಂದಾಗಿ ಓದಿಗೂ ಒದಗುತ್ತದೆ. ಪ್ಯಾರಾಮೌಂಟ್‌ನ ಮೂಲ ಜಾಹೀರಾತು ಚಿತ್ರಗಳ ದೊಡ್ಡ ರಾಶಿಯೊಂದನ್ನು ಕೊಂಡ ಜಾನ್ ಟೆಫ್ಟೆಲರ್, ಈ ಶತಮಾನದ ಮೊದಲ ದಶಕದಿಂದ ಅವುಗಳಿಂದ ಗೋಡೆ ಕ್ಯಾಲೆಂಡರುಗಳನ್ನು ಸಿ.ಡಿ. ಸಮೇತ ಹೊರತಂದರು. ಅದುವರೆಗೆ ಮುಖದ ಭಾಗವಷ್ಟೇ ತಿಳಿದಿದ್ದ ಚಾರ್ಲಿ ಪ್ಯಾಟನ್ ಅವರ ಪೂರ್ಣ ಚಿತ್ರ, ತೊಡೆಯ ಮೇಲೆ ಗಿಟಾರ್ ಇಟ್ಟುಕೊಂಡು ಕುಳಿತದ್ದು, ಸಿಕ್ಕಿದ್ದು ಆ ರಾಶಿಯಲ್ಲಿಯೇ. ಕೇಳುವುದರ ಜತೆಗೆ ನುಡಿಸಲೂ ಆಸೆಯಿರುವವರಿಗೆ ಹತ್ತು ರಂಧ್ರದ ಮೌತ್ ಆರ್ಗನ್ನಿಗಿಂತ ಸೂಕ್ತ ಉಡುಗೊರೆ ಇಲ್ಲ. ಜರ್ಮನಿಯ ಹೋನರ್ ಕಂಪನಿಯ ಮರೀನ್ ಬ್ಯಾಂಡ್ ಮಾದರಿ 1896ರಿಂದ ಬಳಕೆಯಲ್ಲಿದೆ. ಬ್ಲೂಸ್ ವಾದಕರು ಅದನ್ನು ಅದರ ಮೂಲ ಶ್ರುತಿಯಲ್ಲಿ ನುಡಿಸದೆ, ಅದರ ಪಂಚಮವನ್ನು ಷಡ್ಜವಾಗಿಟ್ಟುಕೊಂಡು, ಹೆಚ್ಚಾಗಿ ಉಸಿರನ್ನು ಒಳಗೆಳೆದು ಸ್ವರಗಳನ್ನು ಬಾಗಿಸುತ್ತಾರೆ. ಹಾಡು ಇ ಶ್ರುತಿಯಲ್ಲಿದ್ದರೆ ಎ ಶ್ರುತಿಯ ವಾದ್ಯ ಬೇಕಾಗುವುದು ಈ ಕಾರಣಕ್ಕೆ.

ಖರ್ಚಿಲ್ಲದ ಉಡುಗೊರೆಯೂ ಒಂದಿದೆ. ಅಮೆರಿಕದ 2018ರ ಕಾನೂನಿನ ಪ್ರಕಾರ 1923ಕ್ಕಿಂತ ಮೊದಲಿನ ಧ್ವನಿಮುದ್ರಣಗಳು 2022ರ ಜನವರಿ 1ರಂದು ಹಕ್ಕುಸ್ವಾಮ್ಯದಿಂದ ಬಿಡುಗಡೆಯಾದವು. 2024ರಿಂದ ಪ್ರತಿ ಹೊಸವರ್ಷಕ್ಕೆ ಇನ್ನೊಂದು ವರ್ಷದ ತಟ್ಟೆಗಳು ಸಾರ್ವಜನಿಕ ಸ್ವತ್ತಾಗುತ್ತಿವೆ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕಿನ ಅವಧಿ ಪ್ರಕಟಣೆಯ ನಂತರ 60 ವರ್ಷ. ಲೈಬ್ರರಿ ಆಫ್ ಕಾಂಗ್ರೆಸ್‌ನ ನ್ಯಾಷನಲ್ ಜೂಕ್‌ಬಾಕ್ಸ್, ಇಂಟರ್ನೆಟ್ ಆರ್ಕೈವ್‌ನಂಥ ತಾಣಗಳಲ್ಲಿ ಕೇಳಿ ಆಯ್ದ ಹಾಡುಗಳ ಪಟ್ಟಿಯೊಂದನ್ನು ಟಿಪ್ಪಣಿ ಸಹಿತ ಬರೆದುಕೊಟ್ಟರೆ ಅದೂ ಮೌಲ್ಯದ ಕೊಡುಗೆಯೇ.

ಹಣ ಸೇರಬೇಕಾದ ಕೈ

ಈ ವಸ್ತುಗಳ ವ್ಯಾಪಾರದಲ್ಲಿ ಕೇಳದೆ ಬಿಡಬಾರದ ಪ್ರಶ್ನೆ ಹಣ ಯಾರಿಗೆ ಸೇರುತ್ತದೆ ಎಂಬುದು. ಬೆಸ್ಸಿ ಸ್ಮಿತ್ ಅವರ ಸಮಾಧಿಗೆ 1970ರವರೆಗೂ ಹೆಸರಿನ ಕಲ್ಲಿರಲಿಲ್ಲ. ಗಾಯಕಿ ಜಾನಿಸ್ ಜಾಪ್ಲಿನ್ ಮತ್ತು ಹುವಾನಿಟಾ ಗ್ರೀನ್ ಸೇರಿ ಅದನ್ನು ನಿಲ್ಲಿಸಿದರು. ಚಾರ್ಲಿ ಪ್ಯಾಟನ್ ಅವರಿಗೆ ಕಲ್ಲು ದೊರೆತದ್ದು 1991ರಲ್ಲಿ, ಗಾಯಕ ಜಾನ್ ಫೋಗರ್ಟಿ ಅವರ ಖರ್ಚಿನಲ್ಲಿ. ರಾಬರ್ಟ್ ಜಾನ್ಸನ್ ಅವರ ಮಗ ಕ್ಲಾಡ್ ಜಾನ್ಸನ್ ಅವರನ್ನು ನ್ಯಾಯಾಲಯ ವಾರಸುದಾರನೆಂದು ಒಪ್ಪಿದ್ದು 1998ರಲ್ಲಿ, ತಂದೆ ತೀರಿ ಅರವತ್ತು ವರ್ಷಗಳಾದ ಮೇಲೆ. ಗೀತರಚನೆಕಾರ ವಿಲ್ಲಿ ಡಿಕ್ಸನ್ ತಮ್ಮ ಹಾಡಿನ ಹಕ್ಕಿಗಾಗಿ ಲೆಡ್ ಜೆಪ್ಪೆಲಿನ್ ತಂಡದ ವಿರುದ್ಧ ನ್ಯಾಯಾಲಯಕ್ಕೆ ಹೋಗಿ, 1987ರಲ್ಲಿ ರಾಜಿಯ ಮೂಲಕ ಪರಿಹಾರ ಪಡೆಯಬೇಕಾಯಿತು. ಅವರು ಸ್ಥಾಪಿಸಿದ ಬ್ಲೂಸ್ ಹೆವನ್ ಪ್ರತಿಷ್ಠಾನ ಈಗ ಷಿಕಾಗೊದ ಚೆಸ್ ಕಂಪನಿಯ ಹಳೆಯ ಸ್ಟುಡಿಯೊ ಕಟ್ಟಡದಲ್ಲಿದೆ. ದಕ್ಷಿಣ ರಾಜ್ಯಗಳ ವಯಸ್ಸಾದ ಸಂಗೀತಗಾರರಿಗೆ ಔಷಧ, ಬಾಡಿಗೆ, ಕಛೇರಿಗಳ ಏರ್ಪಾಡು ಮಾಡಿಕೊಡುವ ಮ್ಯೂಸಿಕ್ ಮೇಕರ್ ಪ್ರತಿಷ್ಠಾನ 1994ರಿಂದ ಉತ್ತರ ಕೆರೊಲಿನಾದಲ್ಲಿ ಕೆಲಸ ಮಾಡುತ್ತಿದ್ದು, ಅದು ಹೊರತರುವ ಮುದ್ರಿಕೆಗಳನ್ನು ಕೊಂಡವರ ಹಣ ಬದುಕಿರುವ ಕಲಾವಿದರ ನೆರವಿಗೆ ಬಳಕೆಯಾಗುತ್ತದೆ.

ಆದುದರಿಂದ ಬ್ಲೂಸ್ ಪ್ರಿಯರಿಗಾಗಿ ಏನನ್ನಾದರೂ ಕೊಳ್ಳಹೊರಟವರು, ಅದು ನೂರು ರೂಪಾಯಿಯ ಕಾರ್ಡಾಗಲಿ ಲಕ್ಷದ ಪೆಟ್ಟಿಗೆಯಾಗಲಿ, ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಹಾಡಿದವರು ಯಾರೆಂದು ಇದರಲ್ಲಿ ಬರೆದಿದೆಯೇ, ಎಲ್ಲಿ ಎಂದು ಹಾಡಿದರೆಂಬುದು ಇದೆಯೇ, ಇದನ್ನು ತೆಗೆದಿಡುವ ಬದಲು ಕೇಳಲು ಇಲ್ಲವೇ ಓದಲು ಸಾಧ್ಯವೇ, ಕೊಟ್ಟ ಹಣದಲ್ಲಿ ಕಲಾವಿದರಿಗೆ, ಅವರ ಮನೆಯವರಿಗೆ ಅಥವಾ ಸಂಗ್ರಹಾಲಯಕ್ಕೆ ಒಂದು ಪಾಲಾದರೂ ಸೇರುತ್ತದೆಯೇ. ನಾಲ್ಕಕ್ಕೂ ಹೌದೆಂಬ ಉತ್ತರ ಸಿಗುವ ವಸ್ತು ಅಗ್ಗದ್ದಾದರೂ ಒಳ್ಳೆಯ ಉಡುಗೊರೆ. ಒಂದಕ್ಕೂ ಸಿಗದ ವಸ್ತುವನ್ನು, ಅದು ಎಷ್ಟೇ ಅಪರೂಪದ್ದೆಂದು ಮಾರುವವರು ಹೇಳಿದರೂ, ಅಂಗಡಿಯಲ್ಲೇ ಬಿಟ್ಟು ಬರುವುದು ಮೇಲು.